ಹುಳುವಿನ ಹೊಟ್ಟೆಯಲ್ಲೊಂದು ಹಗೇವು

ಹೊಸಪೇಟೆಯಿಂದ ಬಳ್ಳಾರಿಯ ಕಡೆಗೆ ಹೋಗುವ ರೈಲಿನಲ್ಲಿ ಕುಳಿತವರು ಗಾದಿಗನೂರಿನ ನಿಲ್ದಾಣವನ್ನು ಅಷ್ಟಾಗಿ ಲಕ್ಷಿಸುವುದಿಲ್ಲ. ಹಂಪಿಯ ಬಂಡೆಗಳನ್ನು ನೋಡಿ ಬಂದ ಕಣ್ಣಿಗೆ ಇಲ್ಲಿ ನೋಡತಕ್ಕದ್ದು ಏನೂ ಇಲ್ಲವೆಂದು ತೋರುವುದು ಸಹಜ. ದಕ್ಷಿಣಕ್ಕೆ ಸಂಡೂರಿನ ಬೆಟ್ಟಗಳ ಸಾಲು. ಕೆಂಪು ಹತ್ತಿದ ನೆಲ. ಊರಿನ ಅಂಚಿನಲ್ಲಿ, ಈ ಸೀಮೆಯ ಹಳ್ಳಿಗಳಲ್ಲೆಲ್ಲ ಇರುವಂತೆ, ತಿಪ್ಪೆಗಳು. ಈ ವಾರದ ಮಾತು ಆ ತಿಪ್ಪೆಯಿಂದಲೇ ಆರಂಭವಾಗಬೇಕಾಗಿದೆ. ಮೂಗು ಮುರಿಯುವ ವಾಚಕರು ಕ್ಷಮಿಸಬೇಕು.

ಬಯಲುಸೀಮೆಯ ರೈತನು ಹಿಂದೆ ನೆಲದಲ್ಲಿ ಎರಡು ಬಗೆಯ ಗುಂಡಿಗಳನ್ನು ತೋಡುತ್ತಿದ್ದನು. ಒಂದು ತಿಪ್ಪೆಗುಂಡಿ. ಕಸ, ಸಗಣಿ, ಹಳಸಿದ್ದು, ಕೊಳೆತದ್ದು ಎಲ್ಲವೂ ಅಲ್ಲಿಗೆ. ಅಲ್ಲಿ ಕಳಿತು ಗೊಬ್ಬರವಾಗಿ ಮತ್ತೆ ಹೊಲಕ್ಕೆ. ಇನ್ನೊಂದು ಹಗೇವು. ಜೋಳವನ್ನು ಸುರಿದು, ಬಾಯಿ ಮುಚ್ಚಿ, ಮಣ್ಣು ಮೆತ್ತಿ, ಮಳೆ ಹೋದ ವರ್ಷಕ್ಕೆಂದು ಕಾಯ್ದಿಡುವ ನೆಲದಡಿಯ ಕಣಜ. ತೋಡುವ ಗುದ್ದಲಿ ಒಂದೇ, ತೋಡುವ ಕೈ ಒಂದೇ, ನೆಲವೂ ಒಂದೇ. ಆದರೂ ಒಂದು ಕರಗಿಸುವುದಕ್ಕೆ, ಒಂದು ಉಳಿಸುವುದಕ್ಕೆ. ಹಗೇವಿಗೆ ಹೋಗಬೇಕಾದ ಜೋಳವನ್ನು ದಾರಿಯಲ್ಲಿ ಚೆಲ್ಲಿದವನ ಸಂಸಾರವು ಬರಗಾಲದಲ್ಲಿ ಏನಾಗುವುದೆಂಬುದನ್ನು ವಿವರಿಸಬೇಕಾಗಿಲ್ಲ.

ಪ್ರಾಣಿಗಳ ಜೀವಕೋಶದೊಳಗೂ ಇಂತಹವೇ ಎರಡು ಗುಂಡಿಗಳಿವೆ. ತಿಪ್ಪೆಗುಂಡಿಯನ್ನು ಮೊದಲು ಕಂಡವರು ಬೆಲ್ಜಿಯಂ ದೇಶದ ಕ್ರಿಸ್ಟಿಯನ್ ಡಿ ಡೂವ್. 1955ರಲ್ಲಿ ಅವರು ಅದಕ್ಕೆ ಲೈಸೊಸೋಮ್ ಎಂದು ಹೆಸರಿಟ್ಟರು. 1974ರಲ್ಲಿ ಇತರ ಇಬ್ಬರೊಡನೆ ನೊಬೆಲ್ ಪಾರಿತೋಷಕವನ್ನು ಪಡೆದರು. ತೆಳುವಾದ ಪೊರೆಯ ಒಂದು ಚೀಲ. ಒಳಗೆ ಹುಳಿ, ಅಂದರೆ ಆಮ್ಲ. ಬಂದುದನ್ನೆಲ್ಲ ಕತ್ತರಿಸಿ ಕರಗಿಸುವ ಕಿಣ್ವಗಳು. ಜೀವಕೋಶದ ಹಳೆಯ ಸಾಮಾನು ಅಲ್ಲಿ ಕರಗಿ, ಮತ್ತೆ ಉಪಯೋಗಕ್ಕೆ ಬರುವ ಚೂರುಗಳಾಗುತ್ತದೆ. ಇದೇ ಗುದ್ದಲಿಯಿಂದ, ಬಹುಮಟ್ಟಿಗೆ ಇದೇ ಸಾಮಗ್ರಿಯಿಂದ, ಕೆಲವು ಕೋಶಗಳು ಇನ್ನೊಂದು ಬಗೆಯ ಚೀಲವನ್ನು ಕಟ್ಟಿಕೊಳ್ಳುತ್ತವೆ. ಲೈಸೊಸೋಮಿನ ದಾಯಾದಿಗಳೆನ್ನಬಹುದಾದ ಈ ಚೀಲಗಳ ಕಸುಬು ಕರಗಿಸುವುದಲ್ಲ, ಕೂಡಿಡುವುದು. ಮನುಷ್ಯನ ಚರ್ಮಕ್ಕೂ ಕೂದಲಿಗೂ ಬಣ್ಣ ಕೊಡುವ ಕಣಗಳು ಈ ಜಾತಿಯವು. ಗಾಯವಾದಾಗ ರಕ್ತವನ್ನು ನಿಲ್ಲಿಸಲು ನೆರವಾಗುವ ಕಿರುಬಿಲ್ಲೆಗಳೊಳಗಿನ ಗಟ್ಟಿ ಕಣಗಳೂ ಈ ಜಾತಿಯವೇ. ಇವು ಹೇಗೆ ಹುಟ್ಟುತ್ತವೆ ಎಂಬ ಪ್ರಶ್ನೆಗೆ ಉತ್ತರದ ಬಹುಪಾಲನ್ನು ಹೇಳಿಕೊಟ್ಟ ಗುರುಗಳಲ್ಲಿ ಒಬ್ಬನು ತಿಪ್ಪೆಯಲ್ಲಿ ವಾಸಿಸುವ ಒಂದು ಹುಳು.

ಹುಳುವೆಂದೊಡನೆ ಮಕ್ಕಳ ಹೊಟ್ಟೆಯ ಜಂತುವನ್ನು ನೆನೆಯಬೇಕಾಗಿಲ್ಲ. ಅದೂ ದುಂಡುಹುಳುಗಳ ಕುಲಕ್ಕೆ ಸೇರಿದುದೇ. ಆದರೆ ಇಲ್ಲಿ ಹೇಳುವ ಹುಳು ಯಾರಿಗೂ ಕೇಡು ಮಾಡದ ಸಾಧು. ಉದ್ದ 1 ಮಿಲಿಮೀಟರ್. ಕೊಳೆತ ಹಣ್ಣು, ಕೊಳೆತ ಬಾಳೆದಿಂಡಿನಂತಹ ಕಡೆ ಬೆಳೆಯುವ ಸೂಕ್ಷ್ಮಾಣುಗಳನ್ನು ತಿಂದು ಎರಡು ಮೂರು ವಾರ ಬಾಳುತ್ತದೆ. 1900ರಲ್ಲಿ ಆಲ್ಜಿಯರ್ಸ್ ನಗರದಲ್ಲಿದ್ದ ಎಮಿಲ್ ಮೊಪಾ ಎಂಬ ಫ್ರೆಂಚ್ ಪಂಡಿತರು ಅದನ್ನು ಮೊದಲು ವರ್ಣಿಸಿದರು. ಅದರ ಹೆಸರು ಕೀನೊರ್ಯಾಬ್ಡೈಟಿಸ್ ಎಲಿಗನ್ಸ್. ಹುಳು ಸಣ್ಣದಾದಷ್ಟೂ ಹೆಸರು ಉದ್ದವಾಗಬೇಕೆಂಬುದು ಪ್ರಾಣಿಶಾಸ್ತ್ರದ ಸಂಪ್ರದಾಯವಿದ್ದೀತು. ಪ್ರಯೋಗಶಾಲೆಗಳಲ್ಲಿ ಇಂದು ಸಾಕುವ ಮುಖ್ಯ ತಳಿ ಇಂಗ್ಲೆಂಡಿನ ಬ್ರಿಸ್ಟಲ್ ನಗರದ ಗೊಬ್ಬರದಿಂದ ಬಂದುದು. ಇದರ ಖಾಸಾ ಸೋದರನಾದ ಬ್ರಿಗ್ಸೆ ಎಂಬ ಹುಳುವಿನ ಮುಖ್ಯ ತಳಿಯಾದರೋ ನಮ್ಮ ದೇಶದ ಅಹಮದಾಬಾದಿನದು. ಗಾದಿಗನೂರಿನ ತಿಪ್ಪೆಯಿಂದ ಒಂದು ಚಿಟಿಕೆ ಹಸಿ ಗೊಬ್ಬರವನ್ನು ನೀರಿನಲ್ಲಿ ಕದಡಿ ಸೂಕ್ಷ್ಮದರ್ಶಕದ ಕೆಳಗಿಟ್ಟರೆ, ಈ ಕುಲದ ನೆಂಟರು ಯಾರಾದರೂ ನುಲಿಯುತ್ತ ಕಾಣಿಸಿಕೊಳ್ಳುವುದರಲ್ಲಿ ಸಂದೇಹವಿಲ್ಲ.

ಈ ಹುಳುವಿಗೆ ಒಂದು ದೊಡ್ಡ ಗುಣವಿದೆ: ಅದು ಗಾಜಿನಂತೆ ಪಾರದರ್ಶಕ. ಕೊಯ್ಯಬೇಕಾಗಿಲ್ಲ, ಬಣ್ಣ ಹಾಕಬೇಕಾಗಿಲ್ಲ. ಬದುಕಿರುವಾಗಲೇ ಒಳಗಿನ ವ್ಯಾಪಾರವೆಲ್ಲ ಕಾಣುತ್ತದೆ. ಈ ಗುಣವನ್ನು ಮನಗಂಡು ಕೇಂಬ್ರಿಜ್‌ನಲ್ಲಿ ಸಿಡ್ನಿ ಬ್ರೆನ್ನರ್ 1960ರ ದಶಕದಲ್ಲಿ ಇದನ್ನು ಪ್ರಯೋಗಕ್ಕೆ ಆರಿಸಿಕೊಂಡರು. ಅವರ ಜೊತೆಯ ಜಾನ್ ಸಲ್ಸ್ಟನ್ ಗಂಟೆಗಟ್ಟಲೆ ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟು ಕುಳಿತು, ಒಂದು ಮೊಟ್ಟೆಯು ಎರಡಾಗಿ, ಎರಡು ನಾಲ್ಕಾಗಿ ಹುಳುವಾಗುವ ವಂಶಾವಳಿಯನ್ನು ಒಂದು ಕೋಶವನ್ನೂ ಬಿಡದೆ ಬರೆದಿಟ್ಟರು. ಇವರಿಬ್ಬರಿಗೂ ರಾಬರ್ಟ್ ಹಾರ್ವಿಟ್ಸ್ ಅವರಿಗೂ 2002ರಲ್ಲಿ ನೊಬೆಲ್ ಪಾರಿತೋಷಕ ಬಂದಿತು. ಆ ವಂಶಾವಳಿಯಂತೆ ಹುಳುವಿನ ಕರುಳೆಂದರೆ ಒಟ್ಟು 20 ಕೋಶಗಳು; ಆ ಇಪ್ಪತ್ತೂ ಒಬ್ಬಳೇ ತಾಯಿಯ ಮಕ್ಕಳು. ಭ್ರೂಣವು ಎಂಟು ಕೋಶಗಳ ಉಂಡೆಯಾಗಿರುವಾಗ ಅವುಗಳಲ್ಲಿ ಒಂದು ಕೋಶ ಕರುಳಾಗಲೆಂದೇ ಮೀಸಲಾಗಿರುತ್ತದೆ.

ಮೀಸಲಾದುದು ತಿಳಿಯುವುದು ಹೇಗೆ? ಇಲ್ಲಿಯೇ ನಮ್ಮ ಹಗೇವಿನ ಪ್ರವೇಶ. ಹುಳುವನ್ನು ನೀಲಾತೀತ ಕಿರಣಗಳಲ್ಲಿ ಹಿಡಿದರೆ ಅದರ ಕರುಳಿನ ಉದ್ದಕ್ಕೂ ನೀಲಿ ಚುಕ್ಕೆಗಳು ಹೊಳೆಯುತ್ತವೆ. ಕರುಳಿನ ಕೋಶಗಳಲ್ಲಿ ತುಂಬಿರುವ ಈ ಕಣಗಳೇ ಲೈಸೊಸೋಮಿನ ದಾಯಾದಿಗಳು. ಹುಳು ಮೊಟ್ಟೆಯೊಡೆದು ಬರುವುದಕ್ಕೆ ಮೊದಲೇ ಇವು ಸಿದ್ಧವಾಗಿರುತ್ತವೆ. 1980ರಲ್ಲಿ ಲಾಫರ್, ಬಾಜಿಕಾಲುಪೊ, ವುಡ್ ಎಂಬ ಮೂವರು ಭ್ರೂಣದ ಕೋಶಗಳು ಮುಂದೆ ಒಡೆಯದಂತೆ ಮದ್ದು ಹಾಕಿ ತಡೆದು ನೋಡಿದರು. ಬೆಳವಣಿಗೆ ನಿಂತುಹೋದ ಆ ಉಂಡೆಯಲ್ಲಿಯೂ ಕರುಳಿಗೆ ಮೀಸಲಾದ ಕೋಶದಲ್ಲಿ ಮಾತ್ರ ಕಣಗಳು ಮೂಡಿದವು. ಮಕ್ಕಳು ಹುಟ್ಟದಿದ್ದರೂ ತಾಯಿ ತೊಟ್ಟಿಲು ಕಟ್ಟಿದಂತೆ!

ಈ ನೀಲಿ ಹೊಳಪಿನ ಕಥೆಯಲ್ಲಿ ಭಾರತೀಯರ ಪಾಲು ಇರುವುದನ್ನು ಹೆಚ್ಚು ಜನ ಅರಿಯರು. ಬೊಂಬಾಯಿಯ ಟಾಟಾ ಮೂಲಭೂತ ಸಂಶೋಧನ ಸಂಸ್ಥೆಯಲ್ಲಿ ಒಬೈದ್ ಸಿದ್ದಿಕಿಯವರು 1962ರಲ್ಲಿ ಕಟ್ಟಿದ ಜೀವವಿಜ್ಞಾನದ ವಿಭಾಗವೊಂದಿತ್ತು. ಅದರ ಬೇರಿನಿಂದ ಚಿಗುರಿದುದೇ ಇಂದು ಬೆಂಗಳೂರಿನಲ್ಲಿರುವ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರ. ಆ ಸಂಸ್ಥೆಯ ಪಿ. ಬಾಬು ಎಂಬವರು 1974ರಲ್ಲಿ, ಕರುಳಿನ ಹೊಳಪು ಬದಲಾದ ಹುಳುಗಳ ತಳಿಗಳನ್ನು ಪ್ರತ್ಯೇಕಿಸಿ ಪ್ರಕಟಿಸಿದರು. ಆಹಾರದಲ್ಲಿನ ಟ್ರಿಪ್ಟೊಫ್ಯಾನ್ ಎಂಬ ವಸ್ತುವನ್ನು ಹುಳುವಿನ ದೇಹವು ಹಂತಹಂತವಾಗಿ ಒಡೆಯುವ ದಾರಿಯಲ್ಲಿ ಎಲ್ಲಿ ತಡೆಯುಂಟಾದರೂ ಹೊಳಪಿನ ಬಣ್ಣ ಬದಲಾಗುತ್ತದೆಂದು ಅವರ ಕೆಲಸದಿಂದ ತಿಳಿಯಿತು. ಸುಮಾರು ನಾಲ್ಕು ದಶಕಗಳ ಅನಂತರ, 2013ರಲ್ಲಿ, ಲಂಡನ್ನಿನ ಡೇವಿಡ್ ಜೆಮ್ಸ್ ಮತ್ತು ಅವರ ಸಹೋದ್ಯೋಗಿಗಳು ಅದೇ ದಾರಿಯ ಕೊನೆಯಲ್ಲಿ ಹೊಳೆಯುವ ವಸ್ತುವನ್ನೇ ಹಿಡಿದರು. ಅದು ಆಂತ್ರನಿಲಿಕ್ ಆಮ್ಲಕ್ಕೆ ಸಕ್ಕರೆ ಅಂಟಿದ ಒಂದು ಸಂಯುಕ್ತ. ಅವರು ಕಂಡ ಇನ್ನೊಂದು ಸಂಗತಿ ರೋಮಾಂಚಕರವಾದುದು. ಹುಳು ಸಾಯುವ ಗಳಿಗೆಯಲ್ಲಿ ಈ ಕಣಗಳು ಒಡೆಯುತ್ತವೆ. ಒಳಗಿನ ಹುಳಿಯಲ್ಲಿ ಅಡಗಿದ್ದ ಹೊಳಪು ಬಿಡುಗಡೆಯಾಗಿ, ಕರುಳಿನ ಮುಂಭಾಗದಿಂದ ಬಾಲದವರೆಗೆ ನೀಲಿಯ ಅಲೆಯೊಂದು ಸಾಗುತ್ತದೆ. ಕೆಲವು ಗಂಟೆಗಳಲ್ಲಿ ಮಂಕಾಗಿ ಆರುತ್ತದೆ. ಕವಿಗಳ ಕೈಗೆ ಸಿಕ್ಕಿದ್ದರೆ ಏನೇನು ಬರೆಯುತ್ತಿದ್ದರೋ. ಸದ್ಯ ಇದು ವಿಜ್ಞಾನಿಗಳ ಕೈಯಲ್ಲಿದೆ.

ಹಗೇವಿನಲ್ಲಿ ಧಾನ್ಯ ಯಾವುದು ಎಂಬುದು ಮುಂದಿನ ಪ್ರಶ್ನೆ. ಒಂದು ಉತ್ತರ, ಸತು. ತುಂಗಭದ್ರೆಯ ಕಾಲುವೆಯ ನೀರಿನಲ್ಲಿ ಭತ್ತ ಬೆಳೆಯುವವರು ಗದ್ದೆಗೆ ಸತುವಿನ ಸಲ್ಫೇಟನ್ನು ಎರಚುವುದನ್ನು ಕಂಡವರಿಗೆ ಈ ಲೋಹದ ಮಹತ್ತ್ವ ಹೊಸದಲ್ಲ. ಮಕ್ಕಳಿಗೆ ಭೇದಿಯಾದಾಗ ಉಪ್ಪು-ಸಕ್ಕರೆಯ ನೀರಿನೊಡನೆ ವೈದ್ಯರು ಕೊಡುವ ಚಿಕ್ಕ ಮಾತ್ರೆಯೂ ಸತುವಿನದೇ. ಇದು ಕಡಿಮೆಯಾದರೂ ಕೇಡು, ಹೆಚ್ಚಾದರೂ ವಿಷ. ಅಮೆರಿಕದ ಸೇಂಟ್ ಲೂಯಿಯಲ್ಲಿ ಕೆರಿ ಕಾರ್ನ್‌ಫೆಲ್ಡ್ ಅವರ ಪ್ರಯೋಗಶಾಲೆಯವರು 2012ರಲ್ಲಿ ತೋರಿಸಿದಂತೆ, ಆಹಾರದಲ್ಲಿ ಸತು ಹೆಚ್ಚಾದಾಗ ಹುಳು ಅದನ್ನು ಕರುಳಿನ ಕಣಗಳೊಳಕ್ಕೆ ಸುರಿದು ಬಾಯಿ ಮುಚ್ಚುತ್ತದೆ. ಕೊರತೆಯಾದಾಗ ತೆಗೆದು ಬಳಸುತ್ತದೆ. ಸತುವನ್ನು ಒಳಕ್ಕೆ ಹೊರುವ ಕೂಲಿಯಾಳೂ ಪೊರೆಯಲ್ಲೇ ಕುಳಿತ ಒಂದು ಪ್ರೋಟೀನು. ಹೆಚ್ಚು ತುಂಬಿದಾಗ ಕಣಗಳು ದುಂಡಗಿನ ಆಕಾರವನ್ನು ಬಿಟ್ಟು ಎರಡು ಬುರುಡೆಗಳನ್ನು ಜೋಡಿಸಿದಂತಾಗುವುದೂ ಉಂಟು. ಕಣಗಳಿಲ್ಲದ ಹುಳು ಹೆಚ್ಚಿನ ಸತುವನ್ನು ತಾಳಲಾರದೆ ನರಳುತ್ತದೆ.

ಕಣಗಳಿಲ್ಲದ ಹುಳು ಎಲ್ಲಿಂದ ಬಂದಿತೆಂದು ವಾಚಕರು ಕೇಳಬಹುದು. ಅದನ್ನು ಹುಡುಕಿ ತೆಗೆದವರು ಅಮೆರಿಕದ ಪೋರ್ಟ್‌ಲೆಂಡ್ ನಗರದ ಲೂಯಿಸ್ ಅಂಡ್ ಕ್ಲಾರ್ಕ್ ಕಾಲೇಜಿನ ಗ್ರೆಗ್ ಹರ್ಮನ್ ಮತ್ತು ಅವರ ಸಂಗಡಿಗರು. ಹುಳುಗಳ ಜೀನುಗಳನ್ನು ಕೆಡಿಸಿ, ಅವುಗಳ ಸಂತಾನದಲ್ಲಿ ಕರುಳು ಹೊಳೆಯದವುಗಳನ್ನು ಆರಿಸುತ್ತ ಹೋದರು. 2005ರಲ್ಲಿ ಫಲವನ್ನು ಪ್ರಕಟಿಸಿದರು. ಈ ಜೀನುಗಳಿಗೆ ‘ಗ್ಲೋ’ ಎಂದು ಹೆಸರು. ‘ಕರುಳಿನ ಕಣಗಳು ಕಳೆದುಹೋದವು’ ಎಂಬರ್ಥದ ಇಂಗ್ಲಿಷ್ ಮಾತುಗಳನ್ನು ಮೊಟಕುಮಾಡಿ ಇಟ್ಟ ಹೆಸರು ಇದಾದರೂ, ಉಚ್ಚಾರಣೆಯಲ್ಲಿ ಅದು ಆ ಭಾಷೆಯಲ್ಲಿ ಹೊಳಪಿಗೆ ಇರುವ ಮಾತೇ. ಹೊಳಪನ್ನು ಕಳೆದುಕೊಂಡವಕ್ಕೆ ಹೊಳಪೆಂದು ನಾಮಕರಣ! ಹೆಸರು ಕ್ಷೀರಸಾಗರ, ಮನೆಯಲ್ಲಿ ಮಜ್ಜಿಗೆಗೂ ಗತಿಯಿಲ್ಲ.

ಈ ಕೆಟ್ಟ ತಳಿಗಳಿಂದಲೇ ಒಳ್ಳೆಯ ಕಣಗಳು ಹೇಗೆ ಕಟ್ಟಲ್ಪಡುತ್ತವೆಂಬುದು ತಿಳಿದುದು. ಅದನ್ನು ಅರಿಯಲು ಗಾದಿಗನೂರಿನ ರೈಲು ದಾರಿಗೇ ಮರಳುವುದು ಅನುಕೂಲ. ಗುಂತಕಲ್ಲಿನಂತಹ ದೊಡ್ಡ ಜಂಕ್ಷನ್ನಿಗೆ ನಾನಾ ಕಡೆಯಿಂದ ಡಬ್ಬಿಗಳು ಬರುತ್ತವೆ. ಅಲ್ಲಿ ಅವುಗಳನ್ನು ಬಿಡಿಸಿ, ಹೊಸಪೇಟೆಯ ಕಡೆಗೆ ಹೋಗಬೇಕಾದವನ್ನು ಒಂದು ಸಾಲಿಗೆ, ಮದರಾಸಿನ ಕಡೆಯವನ್ನು ಇನ್ನೊಂದು ಸಾಲಿಗೆ ಜೋಡಿಸಬೇಕು. ಜೀವಕೋಶದಲ್ಲಿಯೂ ಅಂತಹ ಒಂದು ಜಂಕ್ಷನ್ನುಂಟು; ಹೊರಗಿನಿಂದ ನುಂಗಿದುದು, ಒಳಗೆ ಹೊಸದಾಗಿ ತಯಾರಾದುದು, ಎರಡೂ ಬಂದು ಸೇರುವ ಚೀಲಗಳ ಸಮೂಹ ಅದು. ಅಲ್ಲಿಂದ ಒಂದು ದಾರಿ ಲೈಸೊಸೋಮಿಗೆ, ಒಂದು ದಾರಿ ಹಗೇವಿಗೆ. ಸಾಮಾನಿನ ಮೇಲಿನ ಚೀಟಿಯನ್ನು ಓದಿ, ಹಗೇವಿನ ಗಾಡಿಗೆ ತುಂಬುವ ಹಮಾಲರ ತಂಡಕ್ಕೆ ಎಪಿ-3 ಎಂದು ಹೆಸರು. ನಾಲ್ಕು ಪ್ರೋಟೀನುಗಳ ಒಂದು ಕೂಟ ಅದು. ಬ್ಲಾಕ್-1 ಎಂಬ ಎಂಟು ಪ್ರೋಟೀನುಗಳ ಇನ್ನೊಂದು ಕೂಟವೂ ಈ ಸಾಗಣೆಗೆ ಬೇಕು. ಗಾಡಿ ಸೇರಬೇಕಾದ ನಿಲ್ದಾಣಕ್ಕೆ ಗುರುತು ಬೇಡವೇ? ಗ್ಲೋ-1 ಎಂಬ ಪ್ರೋಟೀನು ಆ ಗುರುತಿನ ದೀಪ. ಅದು ಕಣದ ಪೊರೆಯ ಮೇಲೆಯೇ ಕುಳಿತಿರುತ್ತದೆ. ದೀಪವೆಂದರೆ ಉರಿಯುವುದೂ ಉಂಟು, ಆರುವುದೂ ಉಂಟು. ಅದನ್ನು ಹೊತ್ತಿಸುವವನು ಗ್ಲೋ-4 ಎಂದು ತಿಳಿದವರ ಅಭಿಪ್ರಾಯ. ಗಾಡಿಯನ್ನು ನಿಲ್ದಾಣಕ್ಕೆ ಕೊಂಡಿ ಹಾಕಿ ಬಿಗಿಯುವ, ಎರಡು ಪೊರೆಗಳನ್ನು ಒಂದಾಗಿಸುವ ತಂಡ ಬೇರೆ. ಅದು ಲೈಸೊಸೋಮಿಗೂ ದುಡಿಯುತ್ತದೆ, ಹಗೇವಿಗೂ ದುಡಿಯುತ್ತದೆ.

ಇವರಲ್ಲಿ ಒಬ್ಬನು ತಪ್ಪಿಸಿಕೊಂಡರೆ ಏನಾಗುವುದು? ಗ್ಲೋ-1 ಇಲ್ಲದ ಭ್ರೂಣದಲ್ಲಿ ಕರುಳಿನ ಕೋಶಗಳಿವೆ, ಲೈಸೊಸೋಮುಗಳೂ ಇವೆ; ಕಣಗಳು ಮಾತ್ರ ಇಲ್ಲ. ಕಣಗಳಲ್ಲಿ ಕೂಡಬೇಕಾಗಿದ್ದ ಮಿರುಗುವ ಸಾಮಗ್ರಿಯು ಕರುಳಿನ ನಡುವಿನ ಟೊಳ್ಳಿನಲ್ಲಿ ಚೆಲ್ಲಿಬಿದ್ದಿರುತ್ತದೆ. ಜೋಳ ಬೆಳೆದಿದೆ, ಗಾಡಿಯೂ ಹೊರಟಿದೆ. ಇಳಿಸಬೇಕಾದ ಊರು ಸಿಕ್ಕದೆ ದಾರಿಯಲ್ಲಿಯೇ ಸುರಿದುಹೋಗಿದೆ. ತಿಪ್ಪೆಗುಂಡಿ ಉಳಿದು ಹಗೇವು ಮಾತ್ರ ಅಳಿಯಬಹುದೆಂಬ ಈ ದೃಶ್ಯದಿಂದಲೇ ಎರಡೂ ಬೇರೆಬೇರೆ ಗುಂಡಿಗಳೆಂಬುದು ಸ್ಥಿರಪಟ್ಟಿತು. ಒಂದೇ ಕೋಶವು ಯಾವ ಸಾಮಾನಿಗೆ ಯಾವ ಚೀಟಿಯನ್ನು ಅಂಟಿಸಬೇಕೆಂದು ನಿರ್ಣಯಿಸುವ ಬಗೆಯಲ್ಲಿ ಇನ್ನೂ ಬಿಡಿಸಬೇಕಾದ ಗಂಟುಗಳಿವೆ.

ಇಷ್ಟೆಲ್ಲ ಒಂದು ಹುಳುವಿನ ಹೊಟ್ಟೆಗಾಗಿ ಏಕೆ ಎಂದು ಕೇಳುವ ಗೃಹಸ್ಥರಿದ್ದಾರೆ. ಅವರ ಪ್ರಶ್ನೆ ನ್ಯಾಯವಾದುದು. 1959ರಲ್ಲಿ ಚೆಕೊಸ್ಲೊವಾಕಿಯದ ಹರ್ಮಾನ್ಸ್ಕಿ ಮತ್ತು ಪುಡ್ಲಾಕ್ ಎಂಬ ವೈದ್ಯರು ಇಬ್ಬರು ರೋಗಿಗಳನ್ನು ಕುರಿತು ಬರೆದರು. ಇಬ್ಬರಿಗೂ ಹುಟ್ಟಿನಿಂದ ಮೈ-ಕೂದಲುಗಳಿಗೆ ಬಣ್ಣವಿರಲಿಲ್ಲ. ಇಬ್ಬರಿಗೂ ರಕ್ತ ಬೇಗ ನಿಲ್ಲುತ್ತಿರಲಿಲ್ಲ. ಬಣ್ಣಕ್ಕೂ ರಕ್ತಕ್ಕೂ ಏನು ನಂಟು? ಅಂದು ಯಾರಿಗೂ ಹೊಳೆಯದ ಆ ನಂಟು ಹಗೇವಿನದು. ಚರ್ಮದ ಕೋಶದಲ್ಲಿ ಬಣ್ಣದ ಹಗೇವೂ ರಕ್ತದ ಕಿರುಬಿಲ್ಲೆಯಲ್ಲಿ ಗಟ್ಟಿ ಕಣದ ಹಗೇವೂ ಒಂದೇ ಹಮಾಲರಿಂದ, ಒಂದೇ ಬಗೆಯ ದೀಪಗಳಿಂದ ತುಂಬುತ್ತವೆ. ಹುಳುವಿನ ಗ್ಲೋ-1ಕ್ಕೆ ಮನುಷ್ಯರಲ್ಲಿ ತೀರ ಹತ್ತಿರದ ಬಂಧುಗಳು ರ್‍ಯಾಬ್-32, ರ್‍ಯಾಬ್-38 ಎಂಬ ದೀಪಗಳು; ಅವನ್ನು ಹೊತ್ತಿಸುವ ಜೋಡಿ ಕೆಟ್ಟರೂ ಈ ರೋಗ ಬರುತ್ತದೆ, ಎಪಿ-3 ಕೆಟ್ಟರೂ ಬರುತ್ತದೆ, ಬ್ಲಾಕ್-1ರ ಕೆಲವು ಸದಸ್ಯರು ಕೆಟ್ಟರೂ ಬರುತ್ತದೆ. ಹೀಗೆ ಈ ರೋಗದಲ್ಲಿ ಹತ್ತಕ್ಕೂ ಹೆಚ್ಚು ಬಗೆಗಳು ಇಂದು ತಿಳಿದಿವೆ. ಕೆಲವು ಬಗೆಗಳಲ್ಲಿ ನಡುವಯಸ್ಸಿಗೆ ಶ್ವಾಸಕೋಶವೂ ಗಟ್ಟಿಯಾಗುತ್ತ ಹೋಗುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದಲ್ಲಿ ಸುಬ್ಬರಾವ್ ಗಂಗಿಶೆಟ್ಟಿಯವರು ಈ ಬಣ್ಣದ ಕಣಗಳ ಹುಟ್ಟನ್ನೇ ತಮ್ಮ ಅಧ್ಯಯನದ ವಿಷಯವನ್ನಾಗಿ ಮಾಡಿಕೊಂಡಿದ್ದಾರೆ. ಬಣ್ಣವನ್ನು ತಯಾರಿಸುವ ಕಿಣ್ವಕ್ಕೆ ತಾಮ್ರ ಬೇಕು. ಆ ತಾಮ್ರವನ್ನು ಕಣದೊಳಕ್ಕೆ ಹೊರುವ ಪ್ರೋಟೀನನ್ನು ಅಲ್ಲಿಗೆ ಮುಟ್ಟಿಸುವುದೂ ಬ್ಲಾಕ್-1ರ ಕೆಲಸವೆಂದು ಅವರೂ ಅವರ ಸಹೋದ್ಯೋಗಿಗಳೂ ಅಮೆರಿಕದಲ್ಲಿ 2008ರಲ್ಲಿ ತೋರಿಸಿದ್ದರು. ಹುಳುವಿನ ಹಗೇವಿಗೆ ಸತು, ನಮ್ಮ ಹಗೇವಿಗೆ ತಾಮ್ರ!

ಬಣ್ಣವಿಲ್ಲದೆ ಹುಟ್ಟುವ ಮಕ್ಕಳೆಲ್ಲರಿಗೂ ಈ ರೋಗವಿದೆಯೆಂದು ಯಾರೂ ಹೆದರಬಾರದು. ಹೆಚ್ಚಿನವರಲ್ಲಿ ಹಗೇವು ನೆಟ್ಟಗಿರುತ್ತದೆ, ಧಾನ್ಯ ಬೆಳೆಯುವುದರಲ್ಲಿ ಮಾತ್ರ ತೊಡಕು. ಅವರ ರಕ್ತಕ್ಕೆ ಏನೂ ಆಗಿರುವುದಿಲ್ಲ. ಇನ್ನು, ಇದಕ್ಕೂ ತೊನ್ನಿಗೂ ಸಂಬಂಧವೇ ಇಲ್ಲ. ಇದು ಮುಟ್ಟಿದರೆ ಅಂಟುವುದೂ ಅಲ್ಲ.

ನಮ್ಮ ಮನೆಗಳಲ್ಲಿ ಇಂತಹ ಮಗು ಹುಟ್ಟಿದಾಗ ಮೊದಲು ವಿಚಾರಣೆಗೆ ಗುರಿಯಾಗುವವಳು ತಾಯಿ. ಬಸುರಿಯಾಗಿದ್ದಾಗ ಗ್ರಹಣ ನೋಡಿದಳು, ತಿನ್ನಬಾರದ್ದನ್ನು ತಿಂದಳು, ಅವಳ ತವರಿನ ಕಡೆ ಯಾರಿಗೋ ಹೀಗಿತ್ತು: ಓದಿದ ಮನೆಗಳಲ್ಲಿಯೂ ಈ ಮಾತುಗಳು ಕೇಳಿಬರುತ್ತವೆ. ಇದಕ್ಕಿಂತ ದೊಡ್ಡ ಅನ್ಯಾಯ ಇನ್ನೊಂದಿಲ್ಲ. ಹರ್ಮಾನ್ಸ್ಕಿ-ಪುಡ್ಲಾಕ್ ರೋಗ ಬರಬೇಕಾದರೆ ಕೆಟ್ಟ ಜೀನಿನ ಪ್ರತಿ ತಂದೆಯಿಂದ ಒಂದು, ತಾಯಿಯಿಂದ ಒಂದು, ಎರಡೂ ಬರಬೇಕು. ಒಂದೊಂದೇ ಪ್ರತಿಯಿರುವ ತಂದೆತಾಯಿಗಳಿಬ್ಬರೂ ಆರೋಗ್ಯದಿಂದಿರುತ್ತಾರೆ. ತಮ್ಮಲ್ಲಿ ಅದು ಇರುವುದೇ ಅವರಿಗೆ ತಿಳಿಯದು. ಅಂತಹವರಿಗೆ ಹುಟ್ಟುವ ಪ್ರತಿಯೊಂದು ಮಗುವಿಗೂ ರೋಗ ಬರುವ ಸಂಭವ ನಾಲ್ಕರಲ್ಲಿ ಒಂದು. ಮೊದಲ ಮಗುವಿಗೆ ಬಂದಿತು, ಇನ್ನು ಮೂರು ಮಕ್ಕಳು ಪಾರು ಎಂಬ ಲೆಕ್ಕ ತಪ್ಪು. ಪ್ರತಿಯೊಂದು ಬಸಿರಿಗೂ ಲೆಕ್ಕ ಹೊಸದಾಗಿ ಆರಂಭವಾಗುತ್ತದೆ.

ಈ ಎರಡು ಪ್ರತಿಗಳು ಒಂದುಗೂಡುವ ಸಂಭವ ಹೆಚ್ಚುವುದು ಎಲ್ಲಿ ಎಂಬುದನ್ನು ಈ ಸೀಮೆಯವರಿಗೆ ಹೇಳುವುದು ತುಸು ಕಷ್ಟ, ಆದರೂ ಹೇಳಬೇಕು. ಅಕ್ಕನ ಮಗಳನ್ನು ತಂದುಕೊಳ್ಳುವುದು, ಸೋದರತ್ತೆಯ ಮಗನಿಗೆ ಕೊಡುವುದು ನಮ್ಮಲ್ಲಿ ಪ್ರೀತಿಯ ಸಂಬಂಧಗಳು. ಆಸ್ತಿ ಒಡೆಯದು, ಹುಡುಗಿ ಕಣ್ಣೆದುರಿಗೇ ಇರುತ್ತಾಳೆ, ಅತ್ತೆಯೆಂದರೆ ಅಜ್ಜಿಯೇ. ಈ ಲಾಭಗಳು ಸುಳ್ಳಲ್ಲ. ಆದರೆ ಅತ್ತೆಯ ಮಕ್ಕಳು, ಮಾವನ ಮಕ್ಕಳಲ್ಲಿ ಎಂಟರಲ್ಲೊಂದು ಪಾಲು ಜೀನುಗಳು, ಮಾವ-ಸೊಸೆಯರಲ್ಲಿ ನಾಲ್ಕರಲ್ಲೊಂದು ಪಾಲು, ಒಂದೇ ಮೂಲದಿಂದ ಬಂದವಾಗಿರುತ್ತವೆ. ಮುತ್ತಜ್ಜನಲ್ಲಿ ಅಡಗಿದ್ದ ಒಂದು ಕೆಟ್ಟ ಪ್ರತಿಯು ಎರಡು ದಾರಿಗಳಲ್ಲಿ ಹರಿದುಬಂದು ಮರಿಮಗುವಿನಲ್ಲಿ ಜೋಡಿಯಾಗುವುದು ಹೀಗೆಯೇ. ಕೆರಿಬಿಯನ್ ಸಮುದ್ರದ ಪೋರ್ಟೊ ರಿಕೊ ದ್ವೀಪದ ವಾಯವ್ಯ ಭಾಗದಲ್ಲಿ, ಕೆಲವೇ ಹಿರಿಯರ ಸಂತತಿ ಅಲ್ಲಿಯೇ ಬೆಳೆದುದರಿಂದ, ಸುಮಾರು 1,800 ಜನರಲ್ಲಿ ಒಬ್ಬರಿಗೆ ಈ ರೋಗವಿದೆ. ಬೇರೆಡೆ ಅದು ಬಹು ವಿರಳ. ಮನೆತನದಲ್ಲಿ ಇಂತಹ ಒಂದು ಮಗು ಹುಟ್ಟಿದ್ದರೆ, ಮತ್ತೆ ಅದೇ ಮನೆಗಳೊಳಗೆ ಲಗ್ನಪತ್ರಿಕೆಯನ್ನು ಬರೆಸುವ ಮುನ್ನ ವಂಶರೋಗಗಳನ್ನು ಬಲ್ಲ ವೈದ್ಯರನ್ನು ಒಮ್ಮೆ ಕಾಣುವುದರಿಂದ ಜಾತಕಕ್ಕೆ ಕುಂದೇನೂ ಬಾರದು.

ಬಿಳಿಯ ಕೂದಲಿನ ಮಗು ಮನೆಯಲ್ಲಿ ಈಗಾಗಲೇ ಇದ್ದರೆ ಗಮನಿಸಬೇಕಾದುದು ಬೇರೆ. ಕಣ್ಣುಗುಡ್ಡೆಗಳು ನಿಲ್ಲದೆ ಅತ್ತಿತ್ತ ಆಡುತ್ತವೆಯೆ? ಸಣ್ಣ ಪೆಟ್ಟಿಗೂ ಮೈಮೇಲೆ ಕಂದು ಕಲೆಗಳು ಏಳುತ್ತವೆಯೆ? ಮೂಗಿನಿಂದ ರಕ್ತ ಬಂದರೆ ಬಹಳ ಹೊತ್ತು ನಿಲ್ಲುವುದಿಲ್ಲವೆ? ಮೊದಲನೆಯ ಲಕ್ಷಣ ಬಣ್ಣವಿಲ್ಲದ ಎಲ್ಲ ಮಕ್ಕಳಲ್ಲಿಯೂ ಇರಬಹುದು. ಉಳಿದೆರಡು ಇದ್ದರೆ ವೈದ್ಯರಿಗೆ ಹೇಳಬೇಕು. ಹೇಳುವಾಗ ಒಂದು ಮಾತು ನೆನಪಿರಲಿ. ಸಾಮಾನ್ಯ ರಕ್ತಪರೀಕ್ಷೆಯಲ್ಲಿ ಕಿರುಬಿಲ್ಲೆಗಳ ಎಣಿಕೆ ಸರಿಯಾಗಿಯೇ ಬರುತ್ತದೆ, ಏಕೆಂದರೆ ಬಿಲ್ಲೆಗಳಿಗೆ ಕೊರತೆಯಿಲ್ಲ; ಅವುಗಳ ಒಳಗೆ ಹಗೇವು ಇಲ್ಲ. ಎಣಿಕೆ ಸರಿಯಿದೆಯೆಂದು ಸುಮ್ಮನಾಗದೆ, ಬಿಲ್ಲೆಗಳು ಕೆಲಸ ಮಾಡುತ್ತವೆಯೆ ಎಂಬ ಬೇರೆಯ ಪರೀಕ್ಷೆಯನ್ನು ಕೇಳಿ ಮಾಡಿಸಬೇಕಾಗುತ್ತದೆ. ಅದರ ಫಲ ತಿಳಿಯುವವರೆಗೆ ಮಗುವಿಗೆ ಆಸ್ಪಿರಿನ್ ಕೊಡಕೂಡದು. ಹಲ್ಲು ಕೀಳಿಸುವುದಿದ್ದರೆ ಕುರ್ಚಿಯಲ್ಲಿ ಕೂರಿಸುವ ಮೊದಲೇ ದಂತವೈದ್ಯರಿಗೆ ಈ ಸಂಶಯವನ್ನು ತಿಳಿಸತಕ್ಕದ್ದು.